ಮೂಗಮ್ಮನ ಕಿತ್ತಳೆ ಕೈ

ಮನೆ ಕೆಳಗಿನ ಸೈಕಲ್ ರಿಪೇರಿ ಅಂಗಡಿಯ ಶಟರ್ ಕರಕರ ಎಂದು ಮೇಲೆದ್ದರೆ ಮೂಗಮ್ಮನಿಗೆ ಬೆಳಗಾಯಿತು ಎಂದರ್ಥ. ಮೊದಲೆಲ್ಲ ಕಾದ ಹಾಲಿನ ಘಮವೇ ಅವಳನ್ನು ಎಬ್ಬಿಸುತ್ತಿತ್ತು. ಒಮ್ಮೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಅಂದಿನಿಂದ ಮನೆಗೆಲ್ಲ ಅತ್ತೆಯದೇ ಮೂಗು. ಗ್ಯಾಸ್ ಸೋರುತ್ತಿದೆಯೋ, ಮಗಳ ಕಾಲುಚೀಲ ಇನ್ನೊಂದು ದಿನ ತಡೆದೀತೋ, ಎಲ್ಲಕ್ಕೂ "ಅತ್ತೆ, ಸ್ವಲ್ಪ ಮೂಗು ಕೊಡಿ" ಎನ್ನುತ್ತಾಳೆ.

"ತಗೊಳ್ಳೇ, ಎಷ್ಟು ಬೇಕಾದ್ರೂ ಮೂಸಿ ಹೇಳ್ತೀನಿ. ಕಿತ್ತು ಮಾತ್ರ ಕೊಡಲ್ಲ," ಎಂದು ಅತ್ತೆ ಕಾಲುಚೀಲವನ್ನೇ ಎತ್ತಿ ಮೂಸುತ್ತಾರೆ. ಒಂದು ದಿನವೂ ಮೂಗು ಮುರಿದವರಲ್ಲ.

ಮೂಗಮ್ಮ ಎಂಬ ಹೆಸರಿಟ್ಟವಳು ಪ್ರಯೋಗಶಾಲೆಯ ಗೆಳತಿ. "ಮೂಗಿ ಅನ್ನೋಣ ಅಂದ್ರೆ ನೀನು ಬಾಯಿ ಮುಚ್ಚಲ್ಲ. ಮೂಗಮ್ಮ ಅಂತಾನೇ ಇರ್ಲಿ ಬಿಡು."

ಅಲ್ಲಿ ಅವಳ ಕೆಲಸವೂ ಮೂಗಿನದೇ. ನಮ್ಮ ಮೂಗಿನ ಒಳಗೋಡೆಯಲ್ಲಿ ನೂರಾರು ಬಗೆಯ ಪುಟ್ಟ ಪ್ರೋಟೀನುಗಳಿವೆ. ಒಂದೊಂದೂ ತನಗೆ ಒಗ್ಗಿದ ವಾಸನೆಗಷ್ಟೇ ಓಗೊಡುತ್ತದೆ. ಅಂಥದೊಂದರ ಜೀನನ್ನು ಗಾಜಿನ ಶೀಸೆಯಲ್ಲಿ ಬೆಳೆಯುವ ಕೋಶಗಳೊಳಗೆ ಸೇರಿಸಿದರೆ, ಅವು ಆ ಪ್ರೋಟೀನನ್ನು ತಯಾರಿಸಿ ಕೊಡುತ್ತವೆ. "ನಿಮ್ಮದಲ್ಲದ ಕೂಸನ್ನ ಹೊರ್ತಿದ್ದೀರಲ್ಲ, ದೊಡ್ಡ ಮನಸ್ಸು," ಎಂದು ಅವಳು ಶೀಸೆಗಳನ್ನು ಮಾತಾಡಿಸುತ್ತಿದ್ದಳು. ಆದರೆ ಕೋಶದ ಜಿಡ್ಡಿನ ಹೊದಿಕೆಯಿಂದ ಹೊರಗೆಳೆದ ಕೂಡಲೇ ಪ್ರೋಟೀನು ಮುದ್ದೆಗಟ್ಟುತ್ತಿತ್ತು. ವರ್ಷವಿಡೀ ಮುದ್ದೆಯೇ. ಈ ಸಲ ಸಾಬೂನಿನಂಥ ಹೊಸ ದ್ರಾವಣದಲ್ಲಿ ಅದು ತಿಳಿಯಾಗಿ ಉಳಿದಿತ್ತು. ಕಿತ್ತಳೆ ಸಿಪ್ಪೆಯ ಕಂಪಿಗೆ ಓಗೊಡಬೇಕಾದ ಪ್ರೋಟೀನು ಅದು. ಇವತ್ತೂ ಓಗೊಡದಿದ್ದರೆ ಈ ಕೆಲಸ ಕೈಬಿಡೋಣ ಎಂದು ಪ್ರಯೋಗಶಾಲೆಯ ಮುಖ್ಯಸ್ಥೆ ಮೇಡಂ ಮೊದಲೇ ಹೇಳಿದ್ದರು.

ಪರೀಕ್ಷೆಯ ಕೋಣೆಗೆ ಸೆಂಟು, ಪರಿಮಳದ ಎಣ್ಣೆ ಏನೂ ಸೋಕಬಾರದು. ಅದಕ್ಕೇ ಮೂಗಮ್ಮ ದಿನವೂ ಬಾಗಿಲಲ್ಲಿ ನಿಂತು ಕೈ ಚಾಚಿ, "ಮೂಗು ಕೊಡೇ," ಎಂದು ಗೆಳತಿಯಿಂದ ಮೂಸಿಸಿಕೊಂಡೇ ಒಳಗೆ ಕಾಲಿಡುವವಳು. ಇಂದು ಆತುರದಲ್ಲಿ ಅದೊಂದು ಮರೆತುಹೋಯಿತು.

ಮೊದಲು ಪ್ರೋಟೀನಿಗೆ ಯಾವ ಕಂಪನ್ನೂ ಬೆರೆಸದ ಬರಿಯ ದ್ರಾವಣ ಹನಿಸಿದಳು. ಅಳೆಯುವ ಯಂತ್ರದ ಪರದೆಯ ಗೆರೆ ಸಪಾಟಾಗಿ ಮಲಗಿರಬೇಕಿತ್ತು. ಎದ್ದು ಕೂತಿತು.

ಮೇಡಂ ಕನ್ನಡಕ ತೆಗೆದರು. "ಏನೂ ಇಲ್ಲದ್ದಕ್ಕೂ ಹೂಂಗುಟ್ತಿದೆ. ಇದು ಕೆಟ್ಟಿದೆಯಮ್ಮ. ಚೆಲ್ಲಿಬಿಡು."

ಮೂಗಮ್ಮ ಪ್ರೋಟೀನಿನ ಕೊಳವೆಯನ್ನು ಗೆಳತಿಯ ಮುಂದೆ ಹಿಡಿದಳು. ತೆಗೆದುಕೊಳ್ಳಲು ಬಾಗಿದ ಗೆಳತಿ ಅಲ್ಲೇ ನಿಂತಳು.

"ಏನೇ, ಕಿತ್ತಳೆ ತೋಟಕ್ಕೆ ಹೋಗಿ ಬಂದ್ಯಾ?"

"ಯಾಕೆ?"

"ಕೈ ಘಮ್ ಅಂತಿದೆಯಲ್ಲೇ, ಮಹರಾಯ್ತಿ!"

ಬೆಳಿಗ್ಗೆ ಮಗಳ ಡಬ್ಬಿಗೆ ಕಿತ್ತಳೆ ಸುಲಿದು, ನಲ್ಲಿಯಡಿ ಕೈ ತೋರಿಸಿ ಓಡಿಬಂದದ್ದು ಅವಳಿಗೆ ಆಗ ನೆನಪಾಯಿತು. ಕೈಗವಸು ಎಳೆದುಕೊಳ್ಳುವಾಗ ಸಿಪ್ಪೆಯ ಎಣ್ಣೆ ಅದರ ಬೆರಳಿಗೂ, ಅಲ್ಲಿಂದ ದ್ರಾವಣಕ್ಕೂ ದಾಟಿತ್ತು.

"ಮೇಡಂ, ಚೆಲ್ಲಬೇಡಿ! ಇನ್ನೊಂದೇ ಸಲ!"

ಅವಳನ್ನು ಬಾಗಿಲಾಚೆ ನಿಲ್ಲಿಸಿ ಗೆಳತಿಯೇ ಹೊಸ ದ್ರಾವಣ ಮಾಡಿದಳು. ಗೆರೆ ಮಲಗಿಯೇ ಇತ್ತು. ನಿಂಬೆಹುಲ್ಲಿನ ಕಂಪು ಬೆರೆಸಿದರು, ಅಲುಗಲಿಲ್ಲ. ಕಿತ್ತಳೆಯದು ಬೆರೆಸಿದರು. ಗೆರೆ ಮೆಲ್ಲಗೆ ತಲೆಯೆತ್ತಿತು, ನಿದ್ದೆಯಲ್ಲಿದ್ದ ಮಗು ತಾಯಿಯ ಕರೆ ಕೇಳಿದ ಹಾಗೆ.

"ಅಂದ್ರೆ ಆಗ್ಲೂ ಸರಿಯಾಗೇ ಹೇಳಿತ್ತು," ಮೇಡಂ ನಕ್ಕರು. "ನಿನ್ನ ಕೈನ ನಮಗಿಂತ ಮೊದ್ಲು ಮೂಸಿದ್ದು ಅದೇ."

ಮೂಗಮ್ಮ ಬೆರಳುಗಳನ್ನು ಮೂಗಿಗೆ ಒತ್ತಿಕೊಂಡಳು. ಏನೂ ಇಲ್ಲ, ಬರೀ ತಣ್ಣನೆಯ ಗಾಳಿ. ಆದರೂ ಕಣ್ಣು ತುಂಬಿಬಂತು. ಅತ್ತೆಯದೊಂದು, ಗೆಳತಿಯದೊಂದು, ಈಗ ತನ್ನ ಕೈಯಲ್ಲೇ ಬೆಳೆದ ಇದೊಂದು. ಒಂದು ಹೋದವಳಿಗೆ ಎಷ್ಟು ಮೂಗು!

"ಅಳ್ತಿದ್ದೀಯೇನೇ?"

"ನೆಗಡಿ ಕಣೇ."

"ಮೂಗೇ ಇಲ್ದೋಳಿಗೆ ಎಂಥ ನೆಗಡಿ!"

ಮೂಗಮ್ಮ ಉಳಿದ ಕೊಳವೆಗಳ ಮಂಜುಗಡ್ಡೆಯ ಡಬ್ಬಿಯನ್ನು ಎದೆಗವಚಿಕೊಂಡಳು. "ಇವನ್ನ ಫ್ರೀಜರಲ್ಲಿ ಮಲಗಿಸಿ, ಆಮೇಲೆ ಮನೆಗೆ ಫೋನ್ ಮಾಡ್ಬೇಕು. ಅತ್ತೆಗೆ ಹೇಳ್ಬೇಕು, ನಿಮ್ಮ ಮೂಗಿಗೊಂದು ತಂಗಿ ಹುಟ್ಟಿದಾಳೆ, ಇನ್ಮೇಲೆ ಆ ಕಾಲುಚೀಲ—" ಎನ್ನುತ್ತಲೇ ಕಾರಿಡಾರಿನ ತಿರುವಿನಲ್ಲಿ ಮರೆಯಾದಳು.