ಮಾಮಿಯಾರ್ ಗೆಲ್ಲಬೇಕಿದ್ದ ಭಾನುವಾರ

ಶಿವರಂಜನಿಗೆ ಮದುವೆಯಾಗಿಲ್ಲ, ಮಕ್ಕಳಿಲ್ಲ, ಹಾಗಾಗಿ ಸೊಸೆಯೂ ಇಲ್ಲ. ಆದರೂ ಮದರಾಸಿನ ರಾಯಪುರಂ ಸುತ್ತಮುತ್ತ ಅವಳನ್ನು ಕಂಡವರು ಕರೆಯುವುದು ಮಾಮಿಯಾರ್ ಎಂದೇ. ತಮಿಳಿನಲ್ಲಿ ಹಾಗೆಂದರೆ ಅತ್ತೆ. ಅದೂ ಸೊಸೆಯ ಪ್ರಾಣ ಹಿಂಡುವ ಅತ್ತೆ. ವಾರವೆಲ್ಲ ಅವಳು ಅಡ್ಯಾರಿನ ಒಂದು ವಿಮಾ ಕಚೇರಿಯಲ್ಲಿ ಕ್ಲೇಮು ಅರ್ಜಿಗಳನ್ನು ತಿದ್ದುವ ಮೂವತ್ತೊಂಬತ್ತರ ಹೆಂಗಸು. ತಿಂಗಳಿಗೊಂದು ಭಾನುವಾರ ಸಂಜೆ ಮಾತ್ರ ಜರಿಯಂಚಿನ ಸೀರೆಯನ್ನು ಕಚ್ಚೆ ಬಿಗಿದು, ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು, ಕಲ್ಯಾಣಮಂಟಪದಲ್ಲಿ ಹೂಡಿದ ಕುಸ್ತಿ ರಿಂಗಿಗೆ ಇಳಿಯುತ್ತಿದ್ದಳು. ಜನ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈಸಿಕೊಳ್ಳುವುದೇ ಅವಳ ಕೆಲಸವಾಗಿತ್ತು.

ಇದು ಟಿವಿಯಲ್ಲಿ ಬರುವಂಥ ಕುಸ್ತಿ. ಯಾರು ಗೆಲ್ಲಬೇಕು, ಯಾರು ಸೋಲಬೇಕು, ಎಷ್ಟು ನಿಮಿಷಕ್ಕೆ, ಯಾವ ಪಟ್ಟಿನಿಂದ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಹಾಗೆಂದು ಎಲ್ಲವೂ ಸುಳ್ಳು ಎನ್ನುವವರು ಒಂದು ಸಲ ಆ ಹಲಗೆಯ ಮೇಲೆ ಬೆನ್ನು ಹಾಕಿ ಬಿದ್ದು ನೋಡಬೇಕು. ಹತ್ತು ವರ್ಷ ಹಾಗೆ ಬಿದ್ದ ಶಿವರಂಜನಿ ಸೋಮವಾರ ಬೆಳಿಗ್ಗೆ ಮಂಚದಿಂದ ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಆಮೇಲೆ ಕೈಯೂರಿ ಏಳುತ್ತಿದ್ದಳು.

ಅವಳ ಸೊಸೆಯಾಗಿ ರಿಂಗಿಗೆ ಇಳಿಯುತ್ತಿದ್ದವಳು ಭಾವನಾ, ಇಪ್ಪತ್ತೆರಡರ ಹುಡುಗಿ. ಅಪ್ಪ ರೈಲ್ವೆಯಲ್ಲಿ. ಮನೆಯಲ್ಲಿ ಕನ್ನಡ ಕೇಳಿಯೇ ಬೆಳೆದವಳು, ಉತ್ತರ ಮಾತ್ರ ತಮಿಳು ಬೆರೆಸಿ ಕೊಡುತ್ತಿದ್ದಳು. ಮೂರು ವರ್ಷದ ಹಿಂದೆ ಹಾರ್ಬರಿನ ಪಕ್ಕದ ಹಳೆಯ ಗೋದಾಮಿಗೆ ಅಭ್ಯಾಸಕ್ಕೆಂದು ಬಂದಾಗ ಅವಳಿಗೆ ಬೀಳುವುದಕ್ಕೂ ಬರುತ್ತಿರಲಿಲ್ಲ. ಗದ್ದವನ್ನು ಎದೆಗೆ ಒತ್ತಿಕೊಂಡು, ಅಂಗೈಯಿಂದ ಹಾಸನ್ನು ಬಡಿದು ಬೀಳುವುದನ್ನು ಕಲಿಸಿದವಳು ಶಿವರಂಜನಿ. ಮಾಮಿಯಾರಿಗೆ ಒಬ್ಬ ಸೊಸೆ ಬೇಕು, ಈ ಹುಡುಗಿಯೇ ಆಗಲಿ ಎಂದು ಹೇಳಿದವಳೂ ಅವಳೇ. ಅದಕ್ಕೆ ಒಂದು ಕಾರಣವಿತ್ತು. ಆಡುತ್ತಿರುವಾಗ ಮುಂದಿನ ಪಟ್ಟು ಯಾವುದೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾಗುತ್ತದೆ, ಮುಂದಿನ ಸಾಲಿನವರಿಗೆ ಅರ್ಥವಾದರೆ ಮಾನ ಹೋಯಿತು. ಮಿಕ್ಕವರು ಕೂದಲ ಮರೆಯಲ್ಲಿ ತುಟಿ ಅಲುಗಿಸಿ ಒದ್ದಾಡುತ್ತಿದ್ದರೆ ಇವರಿಬ್ಬರು ರಾಜಾರೋಷವಾಗಿ ಕನ್ನಡದಲ್ಲಿ ಕೂಗಿ ಹೇಳಿಕೊಳ್ಳುತ್ತಿದ್ದರು. ಅತ್ತೆ ಸೊಸೆ ಬೈದಾಡುತ್ತಿದ್ದಾರೆ ಎಂದುಕೊಂಡು ಜನ ಶಿಳ್ಳೆ ಹಾಕುತ್ತಿದ್ದರು.

ಕಥೆ ಕಟ್ಟುವವನು ಮಧುಸೂದನ್. ಕುಸ್ತಿ ಕೂಟ ಅವನದು, ರಿಂಗು ಅವನದು, ಯಾರ ಹಣೆಯಲ್ಲಿ ಏನು ಬರೆಯಬೇಕೆಂಬುದೂ ಅವನದೇ. ಗೋದಾಮಿನ ಗೋಡೆಯ ಬಿಳಿ ಬೋರ್ಡಿನ ಮೇಲೆ ವರ್ಷದ ಕಥೆಯೆಲ್ಲ ಬರೆದಿಡುತ್ತಿದ್ದ. ಹತ್ತು ವರ್ಷದಿಂದ ಬಂದವರಿಗೆಲ್ಲ ಸೋತು ಕೊಟ್ಟ ಶಿವರಂಜನಿಗೆ ಅವನು ಎರಡು ವರ್ಷದ ಹಿಂದೆಯೇ ಮಾತು ಕೊಟ್ಟಿದ್ದ: ಹತ್ತನೇ ವಾರ್ಷಿಕೋತ್ಸವದ ದಿನ ಮಾಮಿಯಾರ್ ಗೆದ್ದು ಚಾಂಪಿಯನ್ ಬೆಲ್ಟ್ ಕಟ್ಟುತ್ತಾಳೆ. ಬೋರ್ಡಿನ ಕೊನೆಯ ಸಾಲಿನಲ್ಲಿ ಅದು ಕೆಂಪು ಶಾಯಿಯಲ್ಲಿತ್ತು. ಅಭ್ಯಾಸಕ್ಕೆ ಹೋದಾಗಲೆಲ್ಲ ಶಿವರಂಜನಿ ಆ ಸಾಲನ್ನು ಒಮ್ಮೆ ಓದಿಯೇ ಬೂಟಿನ ಲೇಸು ಕಟ್ಟುತ್ತಿದ್ದಳು.

ಮನೆಯಲ್ಲಿ ಅಪ್ಪ ಗಂಗಾಧರಪ್ಪನಿಗೂ ಹೇಳಿದ್ದಳು. ತಿಪಟೂರಿನಿಂದ ಕೊಬ್ಬರಿ ವ್ಯಾಪಾರಕ್ಕೆಂದು ಬಂದು ಮದರಾಸಿನಲ್ಲೇ ಉಳಿದ ಮನುಷ್ಯ. ಹರೆಯದಲ್ಲಿ ಗರಡಿಯ ಮಣ್ಣಿನಲ್ಲಿ ಕುಸ್ತಿ ಆಡಿದವನು, ಮಗಳ ಕುಸ್ತಿಯನ್ನು ಒಂದು ದಿನವೂ ನೋಡಲು ಬಂದಿರಲಿಲ್ಲ. "ನೀನು ಸೋಲೋದ್ನ ನೋಡಕ್ಕೆ ವೇಲಚೇರಿಯಿಂದ ರಾಯಪುರಂ ತಂಕ ಯಾಕವ್ವ ಬರ್ಲಿ?" ಎನ್ನುತ್ತಿದ್ದ. "ಗೆಲ್ಲೋ ದಿವ್ಸ ಹೇಳು, ಬತ್ತೀನಿ." ಗೆಲ್ಲುವ ದಿನ ಗೊತ್ತಾಗಿತ್ತು. ಅಪ್ಪನಿಗೆ ಹೊಸ ಅಂಗಿ ಇಸ್ತ್ರಿಯಾಗಿತ್ತು.

ಎಲ್ಲ ಕೆಟ್ಟದ್ದು ಯಾರೋ ಫೋನಿನಲ್ಲಿ ಹಿಡಿದು ಹಾಕಿದ ಒಂದು ರೀಲಿನಿಂದ. ಭಾವನಾಳ ಮುಖ್ಯ ಪಟ್ಟಿನ ಹೆಸರು ಮೂಟೆ. ಹಾರ್ಬರಿನ ಹಮಾಲರು ಮೂಟೆ ಎತ್ತಿದ ಹಾಗೆ ಎದುರಾಳಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಎರಡು ಸುತ್ತು ತಿರುಗಿ ಒಗೆಯುವುದು. ಐವತ್ನಾಲ್ಕು ಕಿಲೋದ ಹುಡುಗಿ ಎಪ್ಪತ್ತೆರಡು ಕಿಲೋದ ಅತ್ತೆಯನ್ನು ಎತ್ತಿದಳೆಂದು ಊರೆಲ್ಲ ಬೆರಗಾಯಿತು. ಗುಟ್ಟು ಇಷ್ಟೇ: ಎತ್ತಿಸಿಕೊಳ್ಳುವವಳು "ಎತ್ತು" ಎಂದು ಕೂಗಬೇಕು, ಕೂಗಿದ ಕ್ಷಣಕ್ಕೆ ತಾನೇ ನೆಲ ಒದ್ದು ಹಾರಬೇಕು. ಅರ್ಧ ಭಾರ ಆ ಹಾರುವಿಕೆಯಲ್ಲೇ ಹೋಗಿಬಿಡುತ್ತದೆ. ರೀಲಿನಲ್ಲಿ ಶಿವರಂಜನಿ ಹಾರಿದ್ದು ಯಾರಿಗೂ ಕಾಣಲಿಲ್ಲ. ಕಾಣದ ಹಾಗೆ ಹಾರುವುದರಲ್ಲೇ ಅವಳ ಹತ್ತು ವರ್ಷದ ವಿದ್ಯೆಯೆಲ್ಲ ಇತ್ತು. ಲಕ್ಷಗಟ್ಟಲೆ ಜನ ನೋಡಿದರು. ಕಚೇರಿಯಲ್ಲಿ ಪಕ್ಕದ ಮೇಜಿನ ಹುಡುಗಿ ಫೋನು ತಂದು ತೋರಿಸಿ, "ಇವಳು ಯಾರು ಗೊತ್ತಾ ಮೇಡಂ? ಏನು ಶಕ್ತಿ ನೋಡಿ" ಎಂದಳು. ಹೆಗಲ ಮೇಲೆ ಗೋಣಿಚೀಲದಂತೆ ಜೋತುಬಿದ್ದ ಹೆಂಗಸು ಯಾರೆಂದು ಕೇಳಲೇ ಇಲ್ಲ.

ಅಲ್ಲಿಂದ ಶಿವರಂಜನಿಯ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಹುಡುಗಿಯ ಮಂಡಿಗೆ ಪಟ್ಟಿ ಬೇಕಾಗುತ್ತಿರಲಿಲ್ಲ, ಅದಕ್ಕೆ ಹೊಟ್ಟೆ ಉರಿಯಿತು. ಬಿದ್ದು ಎದ್ದ ಮೇಲೂ ನಗುತ್ತಿದ್ದಳು, ಅದಕ್ಕೂ ಉರಿಯಿತು. ಒಂದು ಭಾನುವಾರ ಇಬ್ಬರು ಹೆಂಗಸರು ಶಿವರಂಜನಿಯ ಕೈಗೆ ಫೋನು ಕೊಟ್ಟು, ಭಾವನಾ ಜೊತೆ ತಮ್ಮದೊಂದು ಫೋಟೋ ತೆಗೆಯಲು ಹೇಳಿದರು. ತೆಗೆದುಕೊಟ್ಟಳು, ಮೂವರ ತಲೆಯೂ ಅರ್ಧ ಕತ್ತರಿಸಿ ಹೋಗುವ ಹಾಗೆ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ, ರಿಂಗಿನ ಹಗ್ಗ ಬಿಗಿಯುತ್ತಿರುವಾಗ, ಮಧುಸೂದನ್ ಅವಳನ್ನು ಊಟದ ಮನೆಯ ಮೂಲೆಗೆ ಕರೆದ.

"ರಂಜನಿ, ಫಿನಿಶ್ ಬದಲಾಗಿದೆ," ಎಂದ. "ಇವತ್ತು ಸೊಸೆ ಗೆಲ್ಲಲಿ. ಜನ ಬಂದಿರೋದೇ ಮೂಟೆ ನೋಡೋಕೆ."

"ಎರಡು ವರ್ಷದಿಂದ ಬೋರ್ಡಲ್ಲಿ ಬರೆದಿದ್ದೀರಿ."

"ಬರೆದಿದ್ದೆ, ಇಲ್ಲ ಅನ್ನಲ್ಲ. ಬೆಳಿಗ್ಗೆ ಅಳಿಸಿದೆ. ಅತ್ತೆ ಗೆದ್ರೆ ಜನ ಬೈಕೊಂಡು ಮನೆಗೆ ಹೋಗ್ತಾರೆ. ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಅವಳಿಗೆ ನಲವತ್ತು. ಅಪ್ಪ ಆಗಲೇ ಹೊಸ ಅಂಗಿ ತೊಟ್ಟು ಮನೆಯಿಂದ ಹೊರಟಾಗಿತ್ತು. ಜಗಳವಾಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಭಾವನಾ ಓಡಿ ಬಂದು ಅವಳ ತೋಳು ಹಿಡಿದು, "ಅಕ್ಕಾ, ನಾನ್ ಕೇಳಲೆ ಅಕ್ಕಾ, ಸತ್ಯಮಾ. ಸಾರೇ ಮಾಡಿದ್ದು" ಎಂದಳು. ತಾನು ಕೇಳಿದ್ದಲ್ಲವೆಂದು ಆಣೆ ಮಾಡುವಾಗ ಹುಡುಗಿಯ ಕಣ್ಣಲ್ಲಿ ನೀರಿತ್ತು. ಕೇಳಿ ಪಡೆದಿದ್ದರೆ ಬೈದುಬಿಡಬಹುದಿತ್ತು. ಕೇಳದೆಯೇ ಸಿಕ್ಕಿತಲ್ಲ ಎಂಬುದು ಶಿವರಂಜನಿಗೆ ಇನ್ನಷ್ಟು ಅಸಹನೀಯವಾಯಿತು. "ಪರವಾಗಿಲ್ಲ ಕಣೆ" ಎಂದು ಬೆನ್ನು ತಟ್ಟಿದಳು.

ಸಂಜೆ ಮಂಟಪ ತುಂಬಿತು. ಮೂರನೇ ಸಾಲಿನಲ್ಲಿ ಗಂಗಾಧರಪ್ಪ ಕೈಕಟ್ಟಿ ಕುಳಿತಿದ್ದ. ಹನ್ನೊಂದು ನಿಮಿಷ ಇಬ್ಬರೂ ಚೆನ್ನಾಗಿಯೇ ಆಡಿದರು. ಮಾಮಿಯಾರ್ ಬೀಗದ ಗೊಂಚಲಿನಿಂದ ಹೊಡೆದಳು, ಜುಟ್ಟು ಹಿಡಿದು ಎಳೆದಳು, ಜನ ಬೈದರು. ಆಮೇಲೆ ಹಿಂದಿನ ಸಾಲುಗಳಿಂದ ಕೂಗು ಎದ್ದಿತು: "ಮೂಟ್ಟೆ! ಮೂಟ್ಟೆ!" ಭಾವನಾ ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಶಿವರಂಜನಿಯ ತೊಡೆಗೆ ಕೈ ಹಾಕಿ ಕಾದಳು.

"ಎತ್ತು" ಎಂದಳು ಶಿವರಂಜನಿ. ಹಾರಲಿಲ್ಲ.

ಹಾರಬಾರದೆಂದು ಮೊದಲೇ ನಿಶ್ಚಯಿಸಿದ್ದಳೆ? ಇಲ್ಲ ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಆದರೆ ಪಾದವನ್ನು ಹಲಗೆಗೆ ಒತ್ತಿ ನಿಂತದ್ದು, ಮೈಭಾರವನ್ನೆಲ್ಲ ಕೆಳಕ್ಕೆ ಬಿಟ್ಟದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಈ ಹುಡುಗಿಗೆ ತನ್ನನ್ನು ಎತ್ತಲಾಗದೆಂದು ಜನಕ್ಕೆ ಕಾಣಲಿ. ಅಷ್ಟೇ ಬೇಕಾಗಿತ್ತು. ಜನ ನಗಲೂ ತೊಡಗಿದರು. ಆದರೆ ಭಾವನಾ ಬಿಡಲಿಲ್ಲ. ಹಲ್ಲು ಕಚ್ಚಿ ಎತ್ತಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಬಲಗೈ ಹೆಗಲಿನಿಂದ ಕಳಚಿಕೊಂಡಿತು. ಆ ಸದ್ದು ಶಿವರಂಜನಿಯ ಕಿವಿಯ ಪಕ್ಕದಲ್ಲೇ ಆಯಿತು. ಇಬ್ಬರೂ ಕುಸಿದರು.

ರೆಫರಿ ಮುರಳೀಧರ ಬಗ್ಗಿ ನೋಡಿ, ಎರಡು ಕೈಯನ್ನೂ ತಲೆಯ ಮೇಲೆ ಅಡ್ಡ ಹಿಡಿದ. ನಿಜವಾದ ಪೆಟ್ಟಾಗಿದೆ ಎಂಬುದಕ್ಕೆ ಅದು ಗುರುತು. ಅವನ ಕಿವಿಯ ಸಾಧನದಲ್ಲಿ ಮಧುಸೂದನ್ ಏನೋ ಹೇಳಿದ. ಮುರಳೀಧರ ಶಿವರಂಜನಿಯ ಕಡೆ ವಾಲಿ, "ತಿರುಗಾ ಬದಲಾಯ್ತು ಅಕ್ಕಾ. ನೀವೇ ಮುಗಿಸಿಬಿಡಿ, ಬೇಗ" ಎಂದ. ಶಿವರಂಜನಿ ಹುಡುಗಿಯ ಮೇಲೆ ಭಾರ ಬೀಳದ ಹಾಗೆ ತೋಳು ಚಾಚಿ ಮಲಗಿದಳು. ಗೆಲುವು ಸಾರಲು ಮುರಳೀಧರ ಮೂರು ಎಣಿಸುವಷ್ಟರಲ್ಲಿ ಭಾವನಾ ಕಣ್ಣುಮುಚ್ಚಿಕೊಂಡೇ, "ಸಾರಿ ಅಕ್ಕಾ, ತೂಕ್ಕ ಮುಡಿಯಲೆ" ಎಂದಳು. ಎತ್ತಲಾಗಲಿಲ್ಲ ಎಂದು ಕ್ಷಮೆ ಕೇಳುತ್ತಿದ್ದಳು. ಬೆಲ್ಟ್ ಬಂದು ಶಿವರಂಜನಿಯ ಸೊಂಟಕ್ಕೆ ಬಿತ್ತು.

ಒಳಗೆ ಎಲ್ಲರೂ ಅವಳನ್ನೇ ಹೊಗಳಿದರು. ಸಮಯಕ್ಕೆ ಸರಿಯಾಗಿ ಆಟ ಉಳಿಸಿದಳಂತೆ. ಮಧುಸೂದನ್ ಕೈ ಮುಗಿದ. ಭಾವನಾ ಹೆಗಲಿಗೆ ಮಂಜುಗಡ್ಡೆ ಕಟ್ಟಿಸಿಕೊಂಡು, ಆಸ್ಪತ್ರೆಗೆ ಹೊರಡುವ ಮುಂಚೆ ಕೇಳಿದಳು, "ಅಕ್ಕಾ, ನಾನ್ ಎಲ್ಲಿ ತಪ್ಪು ಮಾಡ್ದೆ?"

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಆದರೆ ಸುತ್ತ ಅಷ್ಟು ಜನ, ಅಷ್ಟು ಹೊಗಳಿಕೆ. "ಮಂಡಿ ಬಗ್ಗಿಸಿದ್ದು ಜಾಸ್ತಿ ಆಯ್ತು," ಎಂದಳು ಶಿವರಂಜನಿ. "ಸೊಂಟದಿಂದ ಎತ್ತಬೇಕಿತ್ತು." ಬಾಯಿಗೆ ಬಂದದ್ದನ್ನು ಹೇಳಿದ್ದಳು ಅಷ್ಟೇ. ಹುಡುಗಿ ಪಾಠ ಕೇಳಿದ ಹಾಗೆ ತಲೆಯಾಡಿಸಿದಳು.

ಮನೆಗೆ ಹೋಗುವಾಗ ಬಾಡಿಗೆ ಕಾರಿನಲ್ಲಿ ಬೆಲ್ಟ್ ಇಬ್ಬರ ನಡುವೆ ಸೀಟಿನ ಮೇಲಿತ್ತು. ಅಪ್ಪ ಅದನ್ನು ಕೈಯಲ್ಲಿ ಹಿಡಿದೂ ನೋಡಲಿಲ್ಲ. ಅಡ್ಯಾರ್ ಸೇತುವೆ ದಾಟಿದ ಮೇಲೆ ಮಾತಾಡಿದ.

"ಆ ಮಗೀನ ಹಿಡಿತ ಸರಿಯಾಗಿತ್ತವ್ವ. ಕಾಲೂ ಸರಿಯಾಗಿತ್ತು."

"ಮತ್ತೆ ಯಾಕೆ ಎತ್ತಕ್ಕೆ ಆಗ್ಲಿಲ್ಲ?"

"ನನ್ನ ಕೇಳ್ತೀಯ?" ಎಂದ ಗಂಗಾಧರಪ್ಪ.

ಎರಡು ವಾರ ಶಿವರಂಜನಿ ಗೋದಾಮಿನ ಕಡೆ ಹೋಗಲಿಲ್ಲ. ಬೆಲ್ಟನ್ನು ಗೋಡ್ರೇಜ್ ಬೀರುವಿನ ಮೇಲಿಟ್ಟಳು, ಆಮೇಲೆ ಒಳಗಿಟ್ಟಳು. ಹತ್ತು ವರ್ಷ ಬೇಕೆಂದು ಬಯಸಿದ್ದು ಕೈಗೆ ಬಂದಿತ್ತು. ಆದರೂ ಹೊಟ್ಟೆಕಿಚ್ಚು ಆರಿರಲಿಲ್ಲ. ಅಭಿಮಾನಿಗಳು ಈಗಲೂ ಹುಡುಗಿಯ ಹೆಗಲು ಹೇಗಿದೆ ಎಂದೇ ಕೇಳುತ್ತಿದ್ದರು, ಚಾಂಪಿಯನ್ ಹೇಗಿದ್ದಾಳೆಂದು ಯಾರಿಗೂ ಬೇಕಿರಲಿಲ್ಲ.

ಮೂರನೇ ಭಾನುವಾರ ಬೆಳಿಗ್ಗೆ ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡು ಅಭ್ಯಾಸಕ್ಕೆ ಹೋದಳು. ಕೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡ ಭಾವನಾ ಹಾಸಿನ ಪಕ್ಕ ನಿಂತು, ಹೊಸದಾಗಿ ಸೇರಿದ ಇಬ್ಬರು ಹುಡುಗಿಯರಿಗೆ ಮೂಟೆ ಹೇಳಿಕೊಡುತ್ತಿದ್ದಳು. "ಮಂಡಿ ಬೇಡ, ಸೊಂಟದಿಂದ ತೂಕ್ಕು. ಅಕ್ಕ ಹೇಳಿದ್ದು," ಎಂದು ತಮಿಳಿನಲ್ಲಿ ವಿವರಿಸುತ್ತಿದ್ದಳು. ಒಬ್ಬ ಹುಡುಗಿ ಕಾಲು ನೆಟ್ಟಗಿಟ್ಟುಕೊಂಡು, ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಇನ್ನೊಬ್ಬಳನ್ನು ಹಿಡಿದು ಎತ್ತಲು ದಮ್ಮು ಕಟ್ಟುತ್ತಿದ್ದಳು. ಹಾರ್ಬರಿನ ಯಾವ ಹಮಾಲನೂ ಹಾಗೆ ಎತ್ತುವುದಿಲ್ಲ. ಹಾಗೆ ಎತ್ತಿದವನು ಮರುದಿನ ಕೆಲಸಕ್ಕೆ ಬರುವುದಿಲ್ಲ.

"ಬಿಡು, ಬಿಡು ಅವಳನ್ನ," ಎಂದು ಶಿವರಂಜನಿ ನಡುವೆ ನುಗ್ಗಿ ಹುಡುಗಿಯ ಕೈ ಬಿಡಿಸಿದಳು. ಎಲ್ಲರೂ ನೋಡಿದರು. ಬೋರ್ಡಿನ ಮುಂದೆ ನಿಂತಿದ್ದ ಮಧುಸೂದನ್ ಕೂಡ ತಿರುಗಿದ. ಈಗ ಸುಮ್ಮನೆ ಭಂಗಿ ತಿದ್ದಿ ಹೋಗಿಬಿಡಬಹುದಿತ್ತು. ಆದರೆ ಭಾವನಾ, "ಯಾಕೆ ಅಕ್ಕಾ, ನೀವೇ ಹೇಳಿದ್ದಲ್ವಾ?" ಎಂದು ಕೇಳಿದಳು.

"ನಾನು ಹೇಳಿದ್ದು ಸುಳ್ಳು," ಎಂದಳು ಶಿವರಂಜನಿ. "ನಿನ್ನ ಮಂಡಿ ಸರಿಯಾಗಿತ್ತು. ಎಲ್ಲ ಸರಿಯಾಗಿತ್ತು. ಅವತ್ತು ನಾನು ಹಾರಲಿಲ್ಲ. ಬೇಕಂತಲೇ ಹಾರಲಿಲ್ಲ."

ಹೊಸ ಹುಡುಗಿಯರಿಗೆ ಏನೂ ತಿಳಿಯಲಿಲ್ಲ. ಅವರಿಗೂ ತಿಳಿಯಲೆಂದು ಅದನ್ನೇ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದಳು. ಎರಡನೇ ಸಲ ಹೇಳುವುದು ಹೆಚ್ಚು ಕಷ್ಟವಾಯಿತು. ಯಾಕೆಂದು ಮಧುಸೂದನ್ ಕೇಳಿದ. "ಹೊಟ್ಟೆಕಿಚ್ಚು" ಎಂದಳು. ಚೀಲದಿಂದ ಬೆಲ್ಟ್ ತೆಗೆದು ಬೆಂಚಿನ ಮೇಲಿಟ್ಟಳು.

ಭಾವನಾ ಜೋಲಿಯ ಗಂಟನ್ನು ಎಡಗೈಯಿಂದ ಸರಿಮಾಡಿಕೊಂಡಳು. ಅಳುತ್ತಾಳೆ ಎಂದುಕೊಂಡರು, ಅಳಲಿಲ್ಲ. ಬೆಲ್ಟಿನ ಕಡೆ ತಿರುಗಿಯೂ ನೋಡಲಿಲ್ಲ.

"ಡಾಕ್ಟರ್ ಮೂರು ತಿಂಗಳು ಅಂದ್ರು," ಎಂದಳು. "ಆಮೇಲೆ ನಿಮ್ಮನ್ನ ತಿರುಗಾ ಒಂದ್ಸಲ ಎತ್ತುತೀನಿ. ಅವತ್ತೂ ಹಾರಬೇಡಿ."

ಇಪ್ಪತ್ತೆರಡರಲ್ಲಿ ಶಿವರಂಜನಿಗೆ ಇಂಥ ಮಾತು ಆಡುವ ಎದೆ ಇರಲಿಲ್ಲ, ಮೂವತ್ತೊಂಬತ್ತರಲ್ಲೂ ಇರಲಿಲ್ಲ. ಹೊಟ್ಟೆಯೊಳಗೆ ಅದೇ ಕಿಚ್ಚು ಮತ್ತೆ ಎದ್ದಿತು. ಆಗಲಿ ಎಂದು ತಲೆಯಾಡಿಸಿದಳು. ಆಮೇಲೆ ಹೊಸ ಹುಡುಗಿಯರ ಮುಂದೆ ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ನಿಂತು, ಮೂಟೆ ಎತ್ತುವುದು ಹೇಗೆಂದು ಮೊದಲಿಂದ ತೋರಿಸತೊಡಗಿದಳು.