ಮುದ್ದೆ ಅಗಿದವನ ಮಾನ

ಗೆಳೆಯರೇ, ಇವತ್ತು ಮಧ್ಯಾಹ್ನ ತಿರುಮಣಿಯ ಸೋದರತ್ತೆಯ ಮನೆಯಲ್ಲಿ ನನ್ನ ಮಾನ ಹೋಯಿತು. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವನು ನಾನು. ಯಾವ ಊರಿಗೆ ಹೋದರೂ ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಲೇಬೇಕು, ಇಲ್ಲದಿದ್ದರೆ ತಿಂದದ್ದು ಎದೆಯಲ್ಲೇ ನಿಲ್ಲುತ್ತದೆ ಎಂಬುದು ಡಾಕ್ಟರ ಕಟ್ಟಪ್ಪಣೆ. ಅತ್ತೆ ಬಡಿಸಿದ್ದು ರಾಗಿಮುದ್ದೆ, ಸೊಪ್ಪಿನ ಸಾರು. ಬೇಡವೆಂದರೆ ಅತ್ತೆ ನೊಂದುಕೊಳ್ಳುತ್ತಾರೆ, ಎಲ್ಲರಂತೆ ಅಗಿಯದೆ ನುಂಗಿದರೆ ನಾನು ನರಳುತ್ತೇನೆ. ಗೋಲಿ ಗಾತ್ರದ ತುಂಡು ಮುರಿದು, ತಲೆ ತಗ್ಗಿಸಿ ಅಗಿದೆ.

ಅತ್ತೆ ಸೌಟು ಹಿಡಿದು ನಿಂತೇಬಿಟ್ಟರು. "ಲೇ, ಮುದ್ದೆ ಅಗೀತಿದ್ದೀಯೇನ್ಲಾ?"

"ಡಾಕ್ಟ್ರು ಹೇಳವ್ರೆ ಅತ್ತೆ."

"ಯಾವೂರ್ನೋರಪ್ಪ ಅವ್ರು?" ಎಂದರು ಗೋಡೆಗೊರಗಿದ್ದ ಮಾವ. "ಹಲ್ಲಿಗೆ ಅಂಟ್ಕಂಡ್ರೆ ಸಂಜೆಗಂಟ ಬುಡಲ್ಲ ಕಣ್ಲಾ ಅದು."

ಆಗಲೇ ಅಂಟಿಕೊಂಡಿತ್ತು, ನಾಲಿಗೆಯಿಂದ ಬಿಡಿಸತೊಡಗಿದೆ. ಊಟದ ನಡುವೆ ನೀರು ಕುಡಿಯುವುದಕ್ಕೂ ನನಗೆ ಅಪ್ಪಣೆಯಿಲ್ಲ.

ಅತ್ತೆಗೆ ಕರುಣೆ ಬಂತು. ಮುದ್ದೆಯನ್ನು ಸಾರಿನಲ್ಲಿ ಕಿವುಚಿ, ಪುಟ್ಟ ಬಟ್ಟಲಿಗೆ ಹಾಕಿ, ನನ್ನನ್ನು ಮೊಮ್ಮಗಳ ಪಕ್ಕ ಕೂರಿಸಿದರು. ಅವಳಿಗೆ ಒಂದೂವರೆ ವರ್ಷ. ಒಂದು ತುತ್ತನ್ನೂ ಅಗಿಯದೆ ತನ್ನ ಊಟ ಮುಗಿಸಿದವಳು, ಮೆಲ್ಲಗೆ ನನ್ನ ಬಟ್ಟಲಿಗೆ ಕೈ ಹಾಕಿದಳು. ನನ್ನ ಪಾಲಿನ ಊಟವನ್ನು ಬೇರೆಯವರು ತಿನ್ನುವುದನ್ನು, ಜನ್ಮದಲ್ಲಿ ಮೊದಲ ಸಲ, ಸುಮ್ಮನೆ ನೋಡುತ್ತಾ ಕೂತೆ.