ಕತ್ತರಿಸಿದ ಶಿವದಾರ

ಆಪರೇಷನ್ ಥಿಯೇಟರಿನ ನರ್ಸ್ ಎಂದರೆ ಡಾಕ್ಟರ ಕೈಗೆ ಚಾಕು ಕೊಡುವವಳು ಎಂದು ಮೋರಟಗಿಯಲ್ಲಿ ನಮ್ಮ ಮನೆಯವರು ಈಗಲೂ ನಂಬಿದ್ದಾರೆ. ಅದೂ ಮಿಲಿಟರಿ ಆಸ್ಪತ್ರೆ ಎಂದಮೇಲೆ ನನ್ನ ಸೊಂಟದಲ್ಲಿ ಪಿಸ್ತೂಲೂ ಇರುತ್ತದೆಂದು ಚಿಗವ್ವ ಸಿಂದಗಿ ಸಂತೆಯವರೆಗೆ ಸುದ್ದಿ ಮುಟ್ಟಿಸಿದ್ದಳು. ನಿಜ ಹೇಳಬೇಕೆಂದರೆ ಥಿಯೇಟರ್ ತರಬೇತಿಯ ಮೊದಲ ತಿಂಗಳು ನನಗೆ ಕೊಟ್ಟದ್ದು ಒಂದು ಕತ್ತರಿ, ಒಂದಿಷ್ಟು ಲಕೋಟೆ. ಒಳಗೆ ಬರುವ ಸೈನಿಕನ ಹೆಸರು ಕೇಳಬೇಕು, ಆಪರೇಷನ್ ಯಾವ ಕಾಲಿಗೆ ಯಾವ ಕೈಗೆ ಎಂದು ಖಾತ್ರಿ ಮಾಡಿಕೊಳ್ಳಬೇಕು, ಉಂಗುರ, ಕಡಗ, ತಾಯಿತ ಎಲ್ಲ ತೆಗೆಸಿ ಲಕೋಟೆಯಲ್ಲಿ ಇಡಬೇಕು.

ವಾರ್ಡಿನಲ್ಲಿ ಎರಡು ವರ್ಷ ದುಡಿದು ಬಂದ ನನಗೆ ಇದು ಅವಮಾನ ಅನಿಸಿತ್ತು. ಆ ಸಿಟ್ಟಿಗೆ ಕೆಲಸವನ್ನು ಚಕಚಕನೆ ಮುಗಿಸುತ್ತಿದ್ದೆ. ಗಂಟು ಬಿಚ್ಚುತ್ತ ಕೂಡುವ ತಾಳ್ಮೆ ಎಲ್ಲಿಯದು, ಕತ್ತರಿಸಿಯೇಬಿಡುತ್ತಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತನ್ನು ಅಪ್ಪ ಸುಮ್ಮನೆ ನನ್ನ ಮುಖ ನೋಡಿ ಹೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ, ವಾಲಿಬಾಲ್ ಆಡುವಾಗ ಮೊಣಕಾಲು ತಿರುಚಿಕೊಂಡಿದ್ದ ಸೈನಿಕನೊಬ್ಬನನ್ನು ಕರೆತಂದರು. ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಒಂದೊಂದೇ ಮಾತು. ಕೊರಳ ದಾರಕ್ಕೆ ಕೈ ಹಾಕಿದಾಗ ಮಾತ್ರ ಅಂಗೈ ಅಡ್ಡ ಹಿಡಿದು, ಇದೊಂದು ಬೇಡ ಅಂದ. ಎಲ್ಲರೂ ಹೀಗೇ ಅನ್ನುತ್ತಾರೆಂದು ಅವನ ಕೈ ಸರಿಸಿ ಕತ್ತರಿಸಿದೆ. ಬಟ್ಟೆಯಲ್ಲಿ ಸುತ್ತಿದ್ದ ಗುಂಡನೆಯ ಭಾರವೊಂದು ನನ್ನ ಅಂಗೈಗೆ ಬಿತ್ತು. ಬಿಚ್ಚಿ ನೋಡುವ ಅಗತ್ಯ ಇರಲಿಲ್ಲ. ಅದು ಇಷ್ಟಲಿಂಗ. ಅಪ್ಪ ದಿನಾ ಅಂಗೈಯಲ್ಲಿಟ್ಟು ಪೂಜಿಸದೆ ತುತ್ತು ಮುಟ್ಟದ ಲಿಂಗ. ಜೀವ ಇರುವತನಕ ಮೈಯಿಂದ ಅಗಲಬಾರದು ಎಂದು ನಂಬಿದ ಮನೆಯಲ್ಲೇ ನಾನು ಬೆಳೆದವಳು.

ಅವನು ಗದ್ದಲ ಮಾಡಲಿಲ್ಲ. ಎದ್ದು ಕೂತು, ಇಲ್ಲಿ ಯಾರಿಗೆ ತಿಳಿದೀತು ಎಂಬಂತೆ ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡ: "ಇದನ್ನ ಬಿಟ್ಟು ನಾ ಒಳಗ ಹೋಗಂಗಿಲ್ಲ."

ಲಿಂಗವನ್ನು ಅವನ ಅಂಗೈಯಲ್ಲಿಟ್ಟು, ತಪ್ಪಾತು ತಮ್ಮಾ ಅಂದೆ. ಊರ ಮಾತು ಕೇಳಿ ಅವನ ಕಣ್ಣು ತುಂಬಿದವು.

"ನಮ್ಮ ಕಡಿಯವರಾಗಿ ಕತ್ತರಿಸಿದ್ರಲ್ರಿ, ಅಕ್ಕಾರ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗೆ ಸರ್ಜನ್ ಕೈ ತೊಳೆಯಲು ಹೊರಟಿದ್ದರು. ಇವನು ಒಪ್ಪದಿದ್ದರೆ ಆ ದಿನದ ಪಟ್ಟಿಯಿಂದ ಹೆಸರು ಹೋಗುತ್ತದೆ, ಆ ಕಾಲು ಇನ್ನೆಷ್ಟು ದಿನ ಕುಂಟಬೇಕೋ. ನನ್ನ ತಪ್ಪಿಗೆ ಅವನ ಕಾಲು ದಂಡ ತೆರಬೇಕೇ? ಹಿರಿಯ ಸಿಸ್ಟರ್ ಹತ್ತಿರ ಓಡಿ ಎಲ್ಲ ಒಪ್ಪಿಕೊಂಡೆ. ಅವರು ಕೇರಳದವರು, ಲಿಂಗದ ವಿಷಯ ತಿಳಿಯದು. ಲೋಹ ಏನಾದರೂ ಇದೆಯೇ, ಆಪರೇಷನ್ ಎಲ್ಲಿಗೆ ಎಂದಷ್ಟೇ ಕೇಳಿದರು. ಲೋಹ ಇಲ್ಲ, ಮೊಣಕಾಲಿಗೆ ಎಂದೆ. ಹಾಗಾದರೆ ತೋಳಿಗೆ ಕಟ್ಟಲು ಏನಡ್ಡಿ, ಕತ್ತರಿ ಎತ್ತುವ ಮೊದಲೇ ಬಂದು ಕೇಳಬಾರದಿತ್ತೇ ಎಂದು ಗದರಿಸಿದರು. ಸರ್ಜನ್‌ಗೂ ಅರಿವಳಿಕೆ ಡಾಕ್ಟರಿಗೂ ಅವರೇ ಹೇಳಿ ಒಪ್ಪಿಸಿದರು.

ಸಲೈನ್ ಹಾಕದ ತೋಳಿಗೆ, ಗಾಜ್ ಬಟ್ಟೆ ಸುತ್ತಿ ಬ್ಯಾಂಡೇಜಿನಲ್ಲಿ ಲಿಂಗವನ್ನು ಕಟ್ಟಿದೆ. ಬಿಗಿಯಾಯಿತೇನು ಎಂದು ಮೂರು ಸಲ ಕೇಳಿದೆ. ಅವನ ಕಣ್ಣು ಮುಚ್ಚುವ ತನಕ ಆ ತೋಳಿನ ಮೇಲೆ ಕೈ ಇಟ್ಟು ನಿಂತಿದ್ದೆ. ಮೊದಲ ಸಲ ಆ ಕೋಣೆಯಲ್ಲಿ ನನಗೆ ಅವಸರ ಇರಲಿಲ್ಲ.

ಮರುದಿನ ಮನೆಯಿಂದ ತಂದು ಟ್ರಂಕಿನಲ್ಲಿಟ್ಟಿದ್ದ, ಲಿಂಗ ಕಟ್ಟುವ ಹೊಸ ಶಿವದಾರ ತೆಗೆದುಕೊಂಡು ವಾರ್ಡಿಗೆ ಹೋದೆ. ಅವನ ಊರು ಬಾಗೇವಾಡಿ ಹತ್ತಿರದ ಇಂಗಳೇಶ್ವರವಂತೆ. ದಾರವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟುಕೊಂಡ.

"ಮುಂಜಾನೆ ಅವ್ವಗ ಫೋನ್ ಮಾಡಿದ್ನಿರಿ. ಒಳಗ ನಮ್ಮ ಕಡಿ ಅಕ್ಕ ಒಬ್ಬಾಕಿ ನನ್ನ ಜೋಡಿ ಇದ್ಲು ಅಂತ ಹೇಳೇನಿ. ಭಾಳ ಸಮಾಧಾನ ಆತು ಆಕಿಗೆ," ಅಂದ. ಆಮೇಲೆ ದನಿ ತಗ್ಗಿಸಿದ. "ದಾರ ಕತ್ತರಿಸಿದ್ದು ಹೇಳಿಲ್ಲ, ಹೇಳಂಗೂ ಇಲ್ಲ ಬಿಡ್ರಿ."